ನಾಲ್ಕು ನುಡಿಗಳ ಗಡಿಯಲ್ಲಿ

ಆಲ್ಪ್ಸ್ ಪರ್ವತಗಳ ನಾಡಾದ ಸ್ವಿಟ್ಜರ್ಲೆಂಡಿಗೆ ಹೊರಟ ಸ್ನೇಹಿತರು, ಅಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ಎಂಬ ನಾಲ್ಕು ರಾಷ್ಟ್ರಭಾಷೆಗಳಿವೆಯೆಂದು ತಿಳಿದು ಕಳವಳಗೊಳ್ಳುವುದುಂಟು. ಅಂಥವರಿಗೆ ನಾನು ಹೇಳುವುದಿಷ್ಟೇ: ಮೊದಲು ನಮ್ಮ ಬೀದರ ಜಿಲ್ಲೆಯನ್ನು ಸುತ್ತಿ ಬನ್ನಿರಿ. ಇಲ್ಲಿ ಹಿಮಶಿಖರಗಳಿಲ್ಲ, ಜಂಬಿಟ್ಟಿಗೆಯ ಕೆಂಪು ಪ್ರಸ್ಥಭೂಮಿಯಿದೆ. ಆದರೆ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುತ್ತವೆ.

ಇಲ್ಲಿಯ ಬೇಸಗೆ ಕಠಿನವಾದುದು. ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಪ್ರವಾಸಕ್ಕೆ ಹಿತ. ಬೀದರಿನಲ್ಲಿ ರೈಲಿಳಿದು ಕೋಟೆಯನ್ನೂ 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನನ ಮದರಸವನ್ನೂ ನೋಡಿರಿ. ಅದೇ ಹಳಿಯ ಮೇಲೆ ಮುಂದೆ ಭಾಲ್ಕಿ. ಔರಾದಕ್ಕೂ ಆ ತಾಲ್ಲೂಕಿನ ಚಿಂತಾಕಿಗೂ ಬಸ್ಸನ್ನೇ ಹಿಡಿಯಬೇಕು. ಮರಳುವ ಬಸ್ಸಿನ ವೇಳೆಯನ್ನು ಇಳಿಯುವಾಗಲೇ ಕಂಡಕ್ಟರರಲ್ಲಿ ಕೇಳಿಕೊಳ್ಳುವುದು ಲೇಸು.

ಚಿಂತಾಕಿಯಲ್ಲಿ ಇಳಿದ ದಿನ ನಾನೊಂದು ತಪ್ಪು ಮಾಡಿದೆ. ಬಿಳಿಯ ಟೋಪಿ, ಧೋತರದ ವೃದ್ಧರೊಬ್ಬರನ್ನು ಕಂಡು, ಮರಾಠಿಯವರಿರಬೇಕೆಂದು ಊಹಿಸಿ, ನನ್ನ ಹರಕು ಹಿಂದಿಯಲ್ಲಿ ದಾರಿ ಕೇಳಿದೆ. ಅವರು ನನ್ನನ್ನೇ ದಿಟ್ಟಿಸಿ, “ಯಾಕ್ರಿ ಸರ, ನಿಮಗ ಕನ್ನಡ ಬರಲ್ಲೇನ್ರಿ?” ಎಂದರು. ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಅದನ್ನೇ ಬೋಧಿಸುವ ನಾನು ತಲೆ ತಗ್ಗಿಸಿದೆ. ಅವರಾದರೋ ಪಕ್ಕದ ಹೆಂಗಸಿಗೆ ತೆಲುಗಿನಲ್ಲಿ ಬಸ್ಸು ತೋರಿಸಿ, ಅಂಗಡಿಯವನನ್ನು ಉರ್ದುವಿನಲ್ಲಿ ಕೂಗಿ ನನಗೆ ಚಹಾ ಕೊಡಿಸಿದರು.

ಆ ಪ್ರಶ್ನೆಯ ಹಿಂದೆ ದೊಡ್ಡ ನೋವಿದೆ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಬೇಕಾಯಿತು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಬೀಗತನಗಳು ಮಾತ್ರ ಗಡಿಯನ್ನು ದಾಟುತ್ತಲೇ ಇವೆ. ಹೀಗೆ ಉಳಿಸಿಕೊಂಡ ಕನ್ನಡವನ್ನು ದಕ್ಷಿಣದಿಂದ ಬಂದ ನಾವು ಉಡುಪು ನೋಡಿ ಇಲ್ಲವೆಂದುಕೊಂಡರೆ ಅವರಿಗೆ ನೋವಾಗದೆ?

ಆದುದರಿಂದ ಮೊದಲು ಕನ್ನಡದಲ್ಲೇ ಮಾತನಾಡಿಸಿರಿ. ತಿಳಿಯದಿದ್ದರೆ ‘ಎಲ್ಲಿ’ ಎಂಬುದಕ್ಕೆ ಮರಾಠಿಯ ‘ಕುಠೆ’, ತೆಲುಗಿನ ‘ಎಕ್ಕಡ’, ಉರ್ದುವಿನ ‘ಕಿಧರ್’ ನೆರವಿಗಿವೆ. ನುಡಿ ತೊದಲಿದರೆ ಯಾರೂ ನಗುವುದಿಲ್ಲ. ಈ ಅಭ್ಯಾಸ ಸ್ವಿಟ್ಜರ್ಲೆಂಡಿನಲ್ಲೂ ಉಪಯೋಗಕ್ಕೆ ಬರುವುದು: ಜಿನೀವಾದಲ್ಲಿ ‘ಬೊಂಜೂರ್’, ಜ್ಯೂರಿಕ್‌ನಲ್ಲಿ ‘ಗ್ರ್ಯೂಟ್ಸಿ’, ಲುಗಾನೊದಲ್ಲಿ ‘ಬೊಂಜೋರ್ನೊ’ ಎಂದು ವಂದಿಸಿ ಆಮೇಲೆ ದಾರಿ ಕೇಳಿರಿ. ಚಿಂತಾಕಿಯ ಹಿರಿಯರು ಒಂದು ಬಟ್ಟಲು ಚಹಾದೊಡನೆ ನನಗೆ ಕಲಿಸಿದ ಪಾಠವಿದು.