ಮೊದಲ ಕಾಲ್ ಯಾರಿಗೆ?

ನಾವು ನಾಲ್ವರು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದವರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಕನ್ನಡದಲ್ಲಿ ಬರೆಯೋದು ಸ್ವಲ್ಪ ಕಷ್ಟವೇ. ಆದರೆ ವಿಷಯ ನಮ್ಮೂರಿನದು, ಅದಕ್ಕೇ ಇಲ್ಲಿ ಬರೀತಿದ್ದೀವಿ.

ಇಂಗ್ಲೆಂಡ್‌ನಲ್ಲಿ ಚಳಿಗಾಲ ಬಂತೆಂದರೆ ನೊರೊವೈರಸ್ ಕಾಟ. ವಾಂತಿ ಶುರುವಾದ ಎಷ್ಟೋ ಜನ ಮೊದಲು ಆರೋಗ್ಯ ಸಹಾಯವಾಣಿಗೆ ಫೋನ್ ಮಾಡ್ತಾರೆ. ಅಲ್ಲಿ ಆ ಕಾಲ್‌ಗಳನ್ನು ದಿನಾ ಎಣಿಸ್ತಾರೆ. ಒಟ್ಟು ಕಾಲ್‌ಗಳಲ್ಲಿ ವಾಂತಿಯ ಪಾಲು ಮಾಮೂಲಿಗಿಂತ ಏರಿದರೆ, ಲ್ಯಾಬ್ ರಿಪೋರ್ಟ್‌ಗೆ ಕಾಯದೆ ಸುಳಿವು ಸಿಗುತ್ತೆ. ಲೆಕ್ಕ ದೊಡ್ಡದೇನಲ್ಲ, ನಾವು ಕಲಿತ ಮೀನ್ ಮತ್ತು ಸ್ಟ್ಯಾಂಡರ್ಡ್ ಡೀವಿಯೇಶನ್‌ನಿಂದಲೇ ಶುರು ಮಾಡಬಹುದು.

ನಮ್ಮಲ್ಲೂ 104 ಆರೋಗ್ಯ ಸಹಾಯವಾಣಿ ಇದೆ, ಹುಬ್ಬಳ್ಳಿಯಲ್ಲಿ ಶುರುವಾಗಿದ್ದು. ಇಲ್ಲೂ ಹಾಗೇ ಎಣಿಸಬಹುದಲ್ಲ ಅನ್ನಿಸ್ತು. ಮನೆಗೆ ಫೋನ್ ಮಾಡಿ ಕೇಳಿದ್ವಿ: "ಹೊಟ್ಟಿ ಕೆಟ್ರ ಮೊದಲ ಯಾರಿಗೆ ಫೋನ್ ಹಚ್ತೀರಿ?" ಒಬ್ಬನ ಅವ್ವ ಆಶಾ ಅಕ್ಕಗ ಅಂದ್ರು. ಇನ್ನಿಬ್ಬರ ಮನೆಯಲ್ಲಿ ಮೆಡಿಕಲ್ ಶಾಪ್. ನಾಲ್ಕನೆಯವನ ಅಜ್ಜಿ, "ಫೋನ್ ಯಾಕ ಬೇಕಪಾ, ಸಕ್ರಿ ಉಪ್ಪು ನೀರಾಗ ಹಾಕ್ಕೊಂಡು ಕುಡದ್ರಾತು" ಅಂದ್ರು. 104 ಅಂತ ಒಬ್ಬರೂ ಹೇಳಲಿಲ್ಲ.

ನಕ್ಕು ಬಿಡುವ ಮಾತಲ್ಲ ಇದು. 2023ರ ಜೂನ್‌ನಲ್ಲಿ ನಮ್ಮ ಜಿಲ್ಲೆಯ ಬಸರಿಹಾಳ, ಬಿಜಕಲ್ ಗ್ರಾಮಗಳಲ್ಲಿ ವಾಂತಿಭೇದಿಯಿಂದ ಜನ ಸತ್ತರು, ಅವರಲ್ಲಿ ಒಬ್ಬಳು ಚಿಕ್ಕ ಹುಡುಗಿ. ಕುಡಿಯುವ ನೀರಿನ ಮೇಲೆ ಅನುಮಾನ ಬಂತು. ಬರೀ 104ರ ಕಾಲ್ ಎಣಿಸುವ ಗ್ರಾಫ್‌ನಲ್ಲಿ, ಫೋನ್ ಮಾಡದ ಊರು ಆರೋಗ್ಯವಾಗಿರೋ ಊರಿನ ಥರಾನೇ ಕಾಣುತ್ತೆ. ಎರಡಕ್ಕೂ ಸೊನ್ನೆ.

ಹಾಗಾಗಿ ಕಾಲ್ ಎಲ್ಲಿಗೆ ಹೋಗುತ್ತೋ ಅಲ್ಲೇ ಎಣಿಸಬೇಕು. ಸರ್ಕಾರದ ಐಡಿಎಸ್‌ಪಿ ವ್ಯವಸ್ಥೆಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಲಕ್ಷಣ ನೋಡಿ 'ಎಸ್' ಫಾರ್ಮ್ ತುಂಬ್ತಾರೆ. ಅದರ ಜೊತೆಗೆ ಆಶಾ ಅಕ್ಕಂಗೆ ಬಂದ ಕಾಲ್, ಮೆಡಿಕಲ್ ಶಾಪ್‌ನಲ್ಲಿ ಮಾರಿದ ಓಆರ್‌ಎಸ್ ಪ್ಯಾಕೆಟ್, 104ರ ಕಾಲ್ ಎಲ್ಲಾ ಒಂದೇ ಊರಿನ ಹೆಸರಿನಲ್ಲಿ ಸೇರಲಿ. ಸಣ್ಣ ಹಳ್ಳಿಯಲ್ಲಿ ಎರಡು ದಿನದೊಳಗೆ ಮೂರು ಮನೆಯಿಂದ ಸುದ್ದಿ ಬಂದರೆ ಸಾಕು, ಯಾರಾದರೂ ಹೋಗಿ ನೋಡಬೇಕು.

ವೈರಸ್ಸೋ ಬ್ಯಾಕ್ಟೀರಿಯಾನೋ ಅಂತ ಕಾಲ್‌ನಿಂದ ಗೊತ್ತಾಗಲ್ಲ, ಅದನ್ನು ಲ್ಯಾಬ್ ಹೇಳಬೇಕು. ಆದರೆ ನಲ್ಲಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯಾ ಅಂತ ಅವತ್ತೇ ನೋಡಬಹುದು. ಓಆರ್‌ಎಸ್ ಅವತ್ತೇ ಮುಟ್ಟಿಸಬಹುದು.

ನಮ್ಮ ಮಿನಿ ಪ್ರಾಜೆಕ್ಟ್‌ಗೆ ಇದನ್ನೇ ತಗೊಂಡಿದ್ದೀವಿ. ಈ ಸಲ ರಜೆಗೆ ಊರಿಗೆ ಹೋದಾಗ ನೀವೂ ಮನೆಯಲ್ಲಿ ಕೇಳ್ಕೊಂಡು ಬನ್ನಿ. ನಿಮ್ಮ ತಾಲ್ಲೂಕಿನ ಉತ್ತರ ನಮಗೆ ಬೇಕು.