ಅಲ್ಲಿ ಯಾಕ ಬಿಟ್ರಿ?

ಕೆಲಸ ಕಳೆದುಕೊಂಡವರಿಗೆ ಉರ್ದು, ಕನ್ನಡ ಎರಡೂ ಭಾಷೆಗಳು ಒಂದು ಉಪಕಾರ ಮಾಡಿವೆ. ಉರ್ದುವಿನಲ್ಲಿ ‘ನೌಕರಿ ಛೂಟ್ ಗಯೀ’ ಎನ್ನುತ್ತೇವೆ, ಕೈಯಿಂದ ಲೋಟ ಜಾರಿದ ಹಾಗೆ. ನಮ್ಮ ರಾಯಚೂರಿನ ಕನ್ನಡದಲ್ಲಿ ‘ಕೆಲಸ ಹೋತು’ ಎಂದರೆ ಸಾಕು, ಅದು ತಾನೇ ಎದ್ದು ಹೋದಂತೆ. ತೆಗೆದುಹಾಕಿದವರು ಯಾರು ಎಂಬುದು ಎರಡರಲ್ಲೂ ಇಲ್ಲ. ಆದರೆ ಹೊಸ ಕೆಲಸ ಕೇಳಲು ಹೋದಾಗ ಒಳಗೆ ಕುಳಿತವರು ಮೊದಲು ಕೇಳುವುದೇ ಅದನ್ನು: “ಅಲ್ಲಿ ಯಾಕ ಬಿಟ್ರಿ?”

ನಮಗೆ ಈ ಪ್ರಶ್ನೆ ಎದುರಾದದ್ದು 2013ರಲ್ಲಿ. ರಾಯಚೂರಿನ ರಾಜೇಂದ್ರ ಗಂಜಿನ ಅಡತ್ ಅಂಗಡಿಯೊಂದರಲ್ಲಿ ಆರು ವರ್ಷ ಲೆಕ್ಕ ಬರೆದಿದ್ದೆವು. ದೇವದುರ್ಗದ ಕಡೆಯ ರೈತರೊಬ್ಬರು ಹತ್ತಿ ತಂದಿದ್ದರು. ತೂಕದ ಚೀಟಿಯಲ್ಲಿದ್ದ ಅಂಕಿ ಒಂದು, ರೈತರಿಗೆ ಕೊಡುವ ಪಟ್ಟಿಯಲ್ಲಿ ಬರೆಯಿರಿ ಎಂದು ಹೇಳಿದ ಅಂಕಿ ಇನ್ನೊಂದು. ನಾವು ಚೀಟಿಯ ಅಂಕಿಯನ್ನೇ ಬರೆದೆವು. ಸಂಜೆ “ನಾಳಿಂದ ಬರಬ್ಯಾಡ್ರಿ” ಎಂದರು. ಜಗಳವಾಗಲಿಲ್ಲ. ಅಂದಿನವರೆಗಿನ ಲೆಕ್ಕ ಹಾಕಿ ದುಡ್ಡು ಕೊಟ್ಟರು. ಕಾಗದ ಮಾತ್ರ ಕೊಡಲಿಲ್ಲ.

ಕಾನೂನು ಇಲ್ಲದೆ ಇಲ್ಲ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಮಿನ ಪ್ರಕಾರ, ಸತತ ಆರು ತಿಂಗಳು ದುಡಿದವರನ್ನು ತಕ್ಕ ಕಾರಣವಿಲ್ಲದೆ ತೆಗೆಯುವಂತಿಲ್ಲ. ಒಂದು ತಿಂಗಳ ಮುಂಚಿತ ನೋಟಿಸು ಕೊಡಬೇಕು, ಇಲ್ಲವೆ ಅದರ ಬದಲು ಸಂಬಳ ಕೊಡಬೇಕು. ದುರ್ನಡತೆ ಎಂದರೆ ನೋಟಿಸು ಬೇಡ, ಆದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಬೇಕು. ಮೇಲ್ಮನವಿಗೂ ದಾರಿ ಇದೆ. ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಎಂದು ಹೇಳಿದವರೂ ಇದ್ದರು. ಒಂದು ತಿಂಗಳ ಸಂಬಳವೇನೋ ಅಲ್ಲಿ ಸಿಗುತ್ತಿತ್ತು. ನಮಗೆ ಬೇಕಾಗಿದ್ದದ್ದು ಒಳ್ಳೆಯ ಮಾತು, ಅದು ಯಾವ ಕಲಮಿನಲ್ಲೂ ಇಲ್ಲ.

ಏಕೆಂದರೆ ಅಷ್ಟರಲ್ಲಿ ಗಂಜಿನ ತುಂಬ ಒಂದು ಶಬ್ದ ಓಡಾಡಿತ್ತು: ನಿಯತ್ತಿಲ್ಲ. ನಾವು ಶಾಲೆಯಲ್ಲಿ ಕಲಿತ ಉರ್ದುವಿನಲ್ಲಿ ನೀಯತ್ ಎಂದರೆ ಮನಸ್ಸಿನ ಉದ್ದೇಶ, ಸಂಕಲ್ಪ. ಅದೇ ಶಬ್ದ ಕನ್ನಡಕ್ಕೆ ಬಂದು ನಿಯತ್ತು ಆದ ಮೇಲೆ ಉಂಡ ಮನೆಗೆ ತೋರಿಸುವ ನಿಷ್ಠೆಯೂ ಆಗಿದೆ. ನಾಯಿಗೆ ನಿಯತ್ತು ಜಾಸ್ತಿ ಎನ್ನುತ್ತಾರಲ್ಲ, ಆ ಅರ್ಥ. ಉರ್ದುವಿನ ಲೆಕ್ಕದಲ್ಲಿ ನಮ್ಮದು ಸರಿಯಾಗಿಯೇ ಇತ್ತು. ಕನ್ನಡದ ಲೆಕ್ಕದಲ್ಲಿ ಸಾಹುಕಾರರು ಹೇಳಿದ್ದೂ ಪೂರ್ತಿ ಸುಳ್ಳಲ್ಲ! ಎರಡು ಭಾಷೆ ಕಲಿತವರಿಗೆ ಇಂಥ ಸಮಾಧಾನಗಳು ಸಿಗುತ್ತವೆ. ಮನೆಯ ಕಿರಾಣಿಗೆ ಅವು ಬರುವುದಿಲ್ಲ.

“ನಮ್ಮವರ ಅಂಗಡಿಗೆ ಹೋಗು, ಅವರು ಏನೂ ಕೇಳೋದಿಲ್ಲ” ಎಂದರು ಮಾಮೂ. ಹೋದೆವು. ನಮ್ಮವರು ಸಲಾಂ ಸ್ವೀಕರಿಸಿದರು, ಚಹಾ ತರಿಸಿದರು, ಚಹಾ ಬರುವುದರೊಳಗೆ ಹಳೆಯ ಸಾಹುಕಾರರಿಗೆ ಫೋನು ಹಚ್ಚಿದರು. ಅವರನ್ನು ದೂರುವುದಿಲ್ಲ. ಗಲ್ಲೆಯ ಕೀಲಿ ಕೊಡುವವರು ವಿಚಾರಿಸದೆ ಇರುತ್ತಾರೆಯೇ?

ಅಮೆರಿಕ, ಇಂಗ್ಲೆಂಡುಗಳಲ್ಲಿ ಎಷ್ಟೋ ಕಂಪನಿಗಳು ಹಳೆಯ ನೌಕರರ ಬಗ್ಗೆ ಕೇಳಿದರೆ ಸೇರಿದ ದಿನ, ಬಿಟ್ಟ ದಿನ, ಹುದ್ದೆ ಇಷ್ಟನ್ನೇ ಹೇಳಿ ಸುಮ್ಮನಾಗುತ್ತವೆ. ಹೆಚ್ಚು ಹೇಳಿದರೆ ಕೋರ್ಟು ಹತ್ತಬೇಕಾದೀತೆಂಬ ಹೆದರಿಕೆ. ನಮ್ಮ ಗಂಜಿನಲ್ಲಿ ಆ ಹೆದರಿಕೆ ಇಲ್ಲ. ಅಲ್ಲಿ ದಿನಾಂಕ ಒಂದನ್ನು ಬಿಟ್ಟು ಉಳಿದೆಲ್ಲ ಹೇಳುತ್ತಾರೆ. ಆ ಬಾಯಿಯನ್ನು ನಾವು ಮುಚ್ಚಿಸಲಾರೆವು, ಅದರ ಎದುರು ಬೇರೆ ಬಾಯಿಗಳನ್ನು ನಿಲ್ಲಿಸಬಹುದು.

ಮಾನ್ವಿಯ ಅಕ್ಕಿ ಗಿರಣಿಯೊಂದಕ್ಕೆ ಹೋದಾಗ ಹಾಗೆಯೇ ಮಾಡಿದೆವು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದಿಂದ ಬೆಳೆದ ಊರು ಅದು. ಸುಗ್ಗಿಯಲ್ಲಿ ಲೆಕ್ಕ ಬರೆಯುವವರು ಬೇಕೇ ಬೇಕು. ಸಾಹುಕಾರರು ಕೇಳುವ ಮೊದಲೇ ಹೇಳಿದೆವು: “ನಾನಾಗಿ ಬಿಟ್ಟಿಲ್ರಿ, ಬಿಡಿಸ್ಯಾರ. ತೂಕದ ಚೀಟಿಯೊಳಗ ಇದ್ದದ್ದನ್ನ ಪಟ್ಟಿಯೊಳಗ ಬರದೆ, ಅದಕ್ಕ.” ಹಳೆಯ ಸಾಹುಕಾರರ ನಂಬರನ್ನೂ ಕೊಟ್ಟು, ಅವರು ನಿಯತ್ತಿಲ್ಲ ಎನ್ನುತ್ತಾರೆಂದೂ ತಿಳಿಸಿದೆವು. ಜೊತೆಗೆ ಇನ್ನು ಮೂವರ ಹೆಸರು ಕೊಟ್ಟೆವು: ನಮ್ಮ ಕೈಯಿಂದ ಕೂಲಿ ಪಡೆಯುತ್ತಿದ್ದ ಹಮಾಲರ ಜಮಾದಾರ, ಬಾಡಿಗೆ ಲೆಕ್ಕ ಇಟ್ಟಿದ್ದ ಲಾರಿ ಆಫೀಸಿನವರು, ತೂಕ ಮಾಡುತ್ತಿದ್ದವರು. ಹೊರಡುವ ಮೊದಲು ಆ ಮೂವರನ್ನೂ ಕೇಳಿ ಒಪ್ಪಿಸಿಯೇ ಹೋಗಿದ್ದೆವು. ತೂಕದವರು ಸ್ವಲ್ಪ ಹಿಂದೆಮುಂದೆ ನೋಡಿದರು; ಅವರೂ ಅದೇ ಗಂಜಿನಲ್ಲಿ ಬಾಳಬೇಕಾದವರು.

ಮಾನ್ವಿಯ ಸಾಹುಕಾರರು ನಾಲ್ವರಿಗೂ ಫೋನು ಮಾಡಿದರಂತೆ. “ಜಮಾದಾರ ನಿಮ್ಮ ಬಗ್ಗೆ ಛಲೋ ಹೇಳಿದ್ರಿ ಸಾಬ್ರೆ. ಮೂರು ತಿಂಗಳು ನೋಡೂಣು” ಎಂದರು. ಸಂಬಳ ಮೊದಲಿಗಿಂತ ಕಡಿಮೆ, ಗಲ್ಲೆಯ ಕೀಲಿ ಇಲ್ಲ. ಕೀಲಿ ಕೈಗೆ ಬಂದದ್ದು ಎರಡನೇ ಸುಗ್ಗಿಗೆ.

ಸರ್ಕಾರಿ ಕೆಲಸವಾದರೆ ಈ ತಾಪತ್ರಯ ಬೇರೆ ರೀತಿಯದು. ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಭಾಗದ ಮಕ್ಕಳು ಇಲ್ಲಿಯವರೇ ಎಂಬುದಕ್ಕೆ ಸರ್ಕಾರವೇ ಪ್ರಮಾಣಪತ್ರ ಕೊಡುತ್ತದೆ. ಪ್ರಾಮಾಣಿಕರು ಎಂಬುದಕ್ಕೆ ಕೊಡುವವರು ಯಾರು?

ಈಗ ದೇವದುರ್ಗದ ನಮ್ಮ ಸಂಬಂಧಿಕರ ಹುಡುಗನೊಬ್ಬ ಅದೇ ಜಾಗದಲ್ಲಿದ್ದಾನೆ. ಸಾಲ ವಸೂಲಿ ಮಾಡುವ ಫೈನಾನ್ಸ್ ಕಂಪನಿಯಲ್ಲಿದ್ದ. ವಸೂಲಿ ಗುರಿ ಮುಟ್ಟಲಿಲ್ಲವೆಂದು ತೆಗೆದರು. ಬಿಡುಗಡೆ ಪತ್ರ ಕೊಟ್ಟಿಲ್ಲ, ಭವಿಷ್ಯನಿಧಿ ಖಾತೆಯಲ್ಲಿ ಬಿಟ್ಟ ದಿನಾಂಕವನ್ನೂ ತುಂಬಿಲ್ಲ. 20 ಜನ ಇಲ್ಲದ ನಮ್ಮ ಅಡತ್ ಅಂಗಡಿಯಲ್ಲಿ ಭವಿಷ್ಯನಿಧಿಯ ಮಾತೇ ಇರಲಿಲ್ಲ. ಇವನಿಗೆ ಅಷ್ಟಾದರೂ ಇದೆ. 2020ರಿಂದ ಆ ದಿನಾಂಕವನ್ನು ನೌಕರರು ಎರಡು ತಿಂಗಳ ನಂತರ ತಾವೇ ತುಂಬಬಹುದು, ಮಾಲೀಕರ ಸಹಿಗಾಗಿ ಅಲೆಯಬೇಕಿಲ್ಲ. ಅದನ್ನು ತುಂಬಿಸಿದೆವು. ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್ಕು, ನೇಮಕಾತಿ ಪತ್ರದ ಪ್ರತಿ ಎರಡನ್ನೂ ಜೋಡಿಸಿಟ್ಟಿದ್ದಾನೆ. ಹಳೆಯ ಕಚೇರಿಗೆ ಅನುಭವ ಪತ್ರ ಕೇಳಿ ಅಂಚೆಯಲ್ಲಿ ಕಾಗದ ಕಳಿಸಿದ್ದಾನೆ, ಉತ್ತರ ಬಂದಿಲ್ಲ.

“ನಾನೇ ಬಿಟ್ಟೆ ಅಂತ ಹೇಳಲೇನು ಚಾಚಾ?” ಎಂದು ಕೇಳಿದ. ಫೋನು ಹಚ್ಚಿದರೆ ಆ ಸುಳ್ಳು ನಿಲ್ಲುವುದು ಎಷ್ಟು ಹೊತ್ತು? ಬೇಡ ಎಂದೆವು. ಅವನು ಸಾಲ ಕೊಡಿಸಿದ ಹಳ್ಳಿಗಳ ಹೆಣ್ಣುಮಕ್ಕಳಲ್ಲಿ ಇಬ್ಬರು ಅವನ ಬಗ್ಗೆ ಮಾತಾಡಲು ಒಪ್ಪಿದ್ದಾರೆ. ಒಬ್ಬರ ಕಂತು ಇನ್ನೂ ಬಾಕಿ ಇದೆಯಂತೆ. ಅವರ ಹೆಸರು ಕೊಡಬೇಕೋ ಬೇಡವೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ನಡೆದಿದೆ. ಮುಂದಿನ ವಾರ ರಾಯಚೂರಿನಲ್ಲಿ ಅವನ ಸಂದರ್ಶನ.