ಒಂದು ಧ್ವನಿಮುದ್ರಿಕೆಯೂ ನಾವು ನಾಲ್ವರೂ

ಈ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿದಾಗ ನಾವು ಮೂವರೂ ಒಂದೇ ಸಂಗತಿಯನ್ನು ನೆನೆದೆವು. ಅದು ಪಾಠವೂ ಅಲ್ಲ, ಪರೀಕ್ಷೆಯೂ ಅಲ್ಲ. ಹನ್ನೆರಡು ಹಾಡುಗಳಿದ್ದ ಒಂದು ಕ್ಯಾಸೆಟ್ಟು.

ಶಾಲೆಯನ್ನು ಬಿಟ್ಟು ನಾಲ್ವತ್ತಕ್ಕೂ ಮಿಕ್ಕ ವರ್ಷಗಳು ಸಂದುವು. ಅಂದು ನಾವು ನಾಲ್ವರಿದ್ದೆವು. ವಾರ್ಷಿಕೋತ್ಸವದ ಹಾಡುಗಳನ್ನು ಕಲಿಸುವಾಗ ಉಪಾಧ್ಯಾಯಿನಿಯವರೊಬ್ಬರು ಹುಡುಗಿಯರನ್ನು ಒಬ್ಬೊಬ್ಬರಾಗಿ ಹಾರ್ಮೋನಿಯಮ್ಮಿನ ಬಳಿಗೆ ಕರೆದು, ಸ್ವರವನ್ನು ಪರೀಕ್ಷಿಸಿ, ನಮ್ಮ ನಾಲ್ವರನ್ನು ಹಿಂದಿನ ಸಾಲಿಗೆ ಕಳುಹಿಸಿದರು. "ನೀವು ತುಟಿಯಾಡಿಸಿದರೆ ಸಾಕು, ಧ್ವನಿ ತೆಗೆಯಬೇಡಿರಿ" ಎಂದು ಅಪ್ಪಣೆಯಾಯಿತು. ಅವರಲ್ಲಿ ದ್ವೇಷವಿರಲಿಲ್ಲ, ಹಾಡು ಕೆಡಬಾರದೆಂಬುದೊಂದೇ ಅವರ ಚಿಂತೆ. ಉತ್ಸವದ ಸಂಜೆ ತಂದೆತಾಯಿಗಳು ನಮ್ಮನ್ನು ನೋಡಿ ಹಿಗ್ಗುತ್ತಿರಲು, ನಾವು ಸದ್ದಿಲ್ಲದೆ ಬಾಯಿ ತೆರೆದು ಮುಚ್ಚುತ್ತಿದ್ದೆವು. "ಎಷ್ಟು ಚೆನ್ನಾಗಿ ಹಾಡಿದಿರೇ!" ಎಂದು ತಾಯಂದಿರು ಮೆಚ್ಚಿದಾಗ ತಲೆ ತಗ್ಗಿಸಿದೆವು. ಅಂದಿನಿಂದ ನಾವು ನಾಲ್ವರೂ ನಾಲ್ಕು ಜನರ ಎದುರಿಗೆ ಹಾಡಿದವರಲ್ಲ.

ನಮ್ಮ ನಾಲ್ವರಲ್ಲಿ ಒಬ್ಬಳ ಸೋದರಮಾವನವರು ಹಡಗಿನಲ್ಲಿ ಉದ್ಯೋಗಿಯಾಗಿದ್ದರು. ಒಂದು ಬೇಸಗೆಯ ರಜೆಯಲ್ಲಿ ಅವರು ತಂದುಕೊಟ್ಟುದೇ ಈ ಕ್ಯಾಸೆಟ್ಟು. ಹೆಸರು 'ಟ್ಯಾಪೆಸ್ಟ್ರಿ', ಹಾಡಿದವರು ಅಮೆರಿಕದ ಕೆರೋಲ್ ಕಿಂಗ್ ಎಂಬ ಮಹಿಳೆ. ಮೊದಲು ನಮ್ಮ ಕಣ್ಣನ್ನು ಸೆಳೆದುದು ಹೊದಿಕೆಯ ಚಿತ್ರ. ಗುಂಗುರು ಕೂದಲಿನ ಹೆಣ್ಣುಮಗಳೊಬ್ಬರು ಬರಿಗಾಲಿನಲ್ಲಿ ತಮ್ಮ ಮನೆಯ ಕಿಟಕಿಯ ಬಳಿ ಕುಳಿತಿದ್ದಾರೆ. ಮುಂದೆ ಒಂದು ಬೆಕ್ಕು. ಕೈಯಲ್ಲಿ ಬಣ್ಣದ ನೂಲಿನ ಕಸೂತಿ. ಅದು ಆಕೆ ತಾವೇ ಹೊಲಿಯುತ್ತಿದ್ದ ಕೆಲಸವೆಂದು ಮುಂದೆ ಓದಿ ತಿಳಿದೆವು. ಸಂಗೀತಗಾರ್ತಿಯೆಂದರೆ ಜರಿಸೀರೆ, ದೀಪಗಳು, ವೇದಿಕೆ ಎಂದುಕೊಂಡಿದ್ದ ನಮಗೆ, ನಮ್ಮ ಹೊಲಿಗೆಯ ತರಗತಿಯಲ್ಲಿ ಕುಳಿತಿರಬಹುದಾಗಿದ್ದ ಈ ರೂಪವು ಸೋಜಿಗವೆನಿಸಿತು.

ಹಾಡನ್ನು ಕೇಳಿದ ಮೇಲೆ ಸೋಜಿಗವು ಇಮ್ಮಡಿಯಾಯಿತು. ಪಿಯಾನೋ ಮುಂದೆ, ಗಿಟಾರು ಮತ್ತು ಮೃದುವಾದ ತಾಳವಾದ್ಯ ಹಿಂದೆ. ಅವುಗಳ ನಡುವೆ ಕೊಂಚ ಒರಟಾದ, ಅಲಂಕಾರವಿಲ್ಲದ ಒಂದು ಕಂಠ. ನೆರೆಮನೆಯವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ತಮ್ಮ ಕಷ್ಟಸುಖವನ್ನು ಹೇಳಿಕೊಳ್ಳುವಂತೆ ಆ ಹಾಡುಗಳಿದ್ದುವು. ಒಂದು ದೂರವಾದವರನ್ನು ನೆನೆಯುವುದು. ಒಂದು ಮುರಿದ ಪ್ರೀತಿಯನ್ನು ಯಾರನ್ನೂ ದೂರದೆ ಒಪ್ಪಿಕೊಳ್ಳುವುದು. ಒಂದು ಸ್ನೇಹದ ಭರವಸೆಯನ್ನೀಯುವುದು. ನಮ್ಮ ಗೆಳತಿ ಕೇಳಿದಳು: "ಇವರನ್ನು ಹಿಂದಿನ ಸಾಲಿಗೆ ಕಳುಹಿಸುವವರು ಯಾರೂ ಇರಲಿಲ್ಲವೇನೇ?"

ಅವಳ ಪ್ರಶ್ನೆಗೆ ಉತ್ತರ ನಮಗೆ ಬಹುಕಾಲದ ಮೇಲೆ ದೊರೆಯಿತು. ಕಳುಹಿಸಿದವರು ಇದ್ದರೋ ಇಲ್ಲವೋ, ಆಕೆ ಬಹುವರ್ಷ ತಾವಾಗಿಯೇ ಹಿಂದಿನ ಸಾಲಿನಲ್ಲಿ ನಿಂತಿದ್ದವರು. 1942ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಹದಿನೇಳನೆಯ ವಯಸ್ಸಿಗೆ ಜೆರಿ ಗಾಫಿನ್ ಎಂಬವರನ್ನು ಮದುವೆಯಾಗಿ, ಪತಿಯ ಮಾತಿಗೆ ತಾವು ರಾಗ ಕಟ್ಟಿ, ಇತರರು ಹಾಡುವುದಕ್ಕೆಂದು ಹಾಡುಗಳನ್ನು ಒದಗಿಸುತ್ತಿದ್ದರು. ಹಾಡುಗಾರರಿಗೆ ತೋರಿಸಲು ಮಾದರಿಯಾಗಿ ತಾವೇ ಹಾಡಿ ಮುದ್ರಿಸುತ್ತಿದ್ದರು. ಲೋಕಕ್ಕೆ ಕೇಳಿಸುತ್ತಿದ್ದುದು ಬೇರೆಯವರ ಕಂಠ. ಹದಿನೆಂಟನೆಯ ವಯಸ್ಸಿನಲ್ಲಿ ರಾಗ ಕಟ್ಟಿದ 'ವಿಲ್ ಯು ಲವ್ ಮಿ ಟುಮಾರೋ' ಎಂಬ ಹಾಡನ್ನು ಶಿರೆಲ್ಸ್ ಎಂಬ ತರುಣಿಯರ ತಂಡವು 1960ರಲ್ಲಿ ಹಾಡಿ ಬಹು ಪ್ರಸಿದ್ಧವಾಯಿತು.

1968ರ ಹೊತ್ತಿಗೆ ದಾಂಪತ್ಯವು ಮುರಿಯಿತು. ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು ಕರೆದುಕೊಂಡು ಆಕೆ ಲಾಸ್ ಏಂಜಲೀಸ್ ನಗರಕ್ಕೆ ಬಂದರು. ಜನರೆದುರು ಹಾಡಲು ಅವರಿಗೆ ಅಂಜಿಕೆ. 1970ರಲ್ಲಿ ಜೇಮ್ಸ್ ಟೇಲರ್ ಎಂಬ ಗಾಯಕರಿಗೆ ಪಿಯಾನೋ ನುಡಿಸಲು ಹೋಗಿದ್ದಾಗ, ಆ ಸ್ನೇಹಿತರು ಇವರಿಗೆ ಧೈರ್ಯ ಹೇಳಿ, ಇವರದೇ ಹಾಡೊಂದನ್ನು ಸಭೆಯಲ್ಲಿ ಇವರಿಂದಲೇ ಹಾಡಿಸಿದರು. ಹಾಗೆ ಹಾಡಿಸಿದುದು ಇವರು ಹಿಂದೆ ಓದಿದ್ದ ಕ್ವೀನ್ಸ್ ಕಾಲೇಜಿನಲ್ಲಿಯೇ ಎಂದು ತಿಳಿದಾಗ, ಹಳೆಯ ವಿದ್ಯಾರ್ಥಿನಿಯರಾದ ನಮಗೆ ಮೈ ಜುಮ್ಮೆಂದಿತು.

ಮರುವರ್ಷದ ಜನವರಿಯಲ್ಲಿ 'ಟ್ಯಾಪೆಸ್ಟ್ರಿ'ಯ ಮುದ್ರಣವಾಯಿತು. ಲೂ ಆಡ್ಲರ್ ಎಂಬ ನಿರ್ಮಾಪಕರು ಮೆರುಗನ್ನು ಕೂಡಿಸಹೋಗದೆ, ಆ ಹಳೆಯ ಮಾದರಿ ಮುದ್ರಣಗಳ ಸರಳತೆಯನ್ನೇ ಉಳಿಸಿಕೊಂಡರು. ಶಿರೆಲ್ಸ್ ತಂಡದವರು ಲವಲವಿಕೆಯಿಂದ ಹಾಡಿದ್ದ ಆ ಹಾಡನ್ನು ಆಕೆ ಇಲ್ಲಿ ಮೆಲ್ಲಮೆಲ್ಲನೆ ಹಾಡಿರುವರು. ಹದಿನೆಂಟರ ಹುಡುಗಿ ಕೇಳಿದ ಪ್ರಶ್ನೆಯನ್ನೇ, ಉತ್ತರವನ್ನು ಕಂಡುಬಂದ ಹೆಂಗಸು ಮತ್ತೊಮ್ಮೆ ಕೇಳಿದಂತಿದೆ. 1971ರ ಫೆಬ್ರವರಿ 10ರಂದು, ಅವರ ಇಪ್ಪತ್ತೊಂಬತ್ತನೆಯ ಹುಟ್ಟುಹಬ್ಬದ ಮರುದಿನ, ಧ್ವನಿಮುದ್ರಿಕೆಯು ಹೊರಬಂದಿತು. ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಹದಿನೈದು ವಾರ ಮೊದಲ ಸ್ಥಾನದಲ್ಲಿ ನಿಂತಿತು. 1972ರಲ್ಲಿ ನಾಲ್ಕು ಗ್ರ್ಯಾಮಿ ಪ್ರಶಸ್ತಿಗಳು ಬಂದುವು. ಎಳೆಗೂಸಿನ ತಾಯಿಯಾಗಿದ್ದ ಆಕೆ ಅವನ್ನು ಪಡೆಯಲು ಸಭೆಗೆ ಹೋಗದೆ ಮನೆಯಲ್ಲಿಯೇ ಉಳಿದರು.

ಇದೇ ಮುದ್ರಿಕೆಯಲ್ಲಿ 'ವೇರ್ ಯು ಲೀಡ್' ಎಂಬ ಹಾಡೊಂದಿದೆ. ಪ್ರಿಯನು ಕರೆದಲ್ಲಿಗೆ ಹೆಣ್ಣು ಹಿಂಬಾಲಿಸುವಳೆಂಬುದು ಅದರ ಭಾವ. ಕಾಲ ಕಳೆದಂತೆ ಈ ಭಾವವು ಆಕೆಗೆ ಒಪ್ಪಿಗೆಯಾಗದೆ, ಅದನ್ನು ಹಾಡುವುದನ್ನೇ ಬಿಟ್ಟಿದ್ದರು. 2000ದಲ್ಲಿ ಒಂದು ದೂರದರ್ಶನ ಕಥೆಗಾಗಿ, ತಾಯಿಮಗಳ ಅನುಬಂಧದ ಹಾಡಾಗಿ ಅದನ್ನು ತಿರುಗಿಸಿ, ಹಿರಿಯ ಮಗಳು ಲೂಯೀಸರೊಂದಿಗೆ ಹಾಡಿದರು. ತಪ್ಪಿದ ಹೊಲಿಗೆಯನ್ನು ಬಿಚ್ಚಿ, ಅದೇ ನೂಲಿನಿಂದ ಮತ್ತೆ ಹೊಲಿಯುವುದನ್ನು ನಮಗೆ ಕಲಿಸಿದ್ದ ಹೊಲಿಗೆಯ ಅಮ್ಮನವರು ಇದನ್ನು ಮೆಚ್ಚುತ್ತಿದ್ದರು.

ಇನ್ನು ನಮ್ಮ ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ, ಕ್ಯಾಸೆಟ್ಟಿನ ಒಡತಿಯಾದ ನಮ್ಮ ಗೆಳತಿ ವಾಸಿಯಾಗದ ರೋಗದಿಂದ ಹಾಸಿಗೆ ಹಿಡಿದಳು. ನಾವು ಮೂವರೂ ನೋಡಹೋದೆವು. ಅವಳು ನಮ್ಮ ಕೈಹಿಡಿದು, ಆ ಸ್ನೇಹದ ಹಾಡನ್ನು, 'ಯು ಹ್ಯಾವ್ ಗಾಟ್ ಅ ಫ್ರೆಂಡ್' ಎಂಬುದನ್ನು, "ನೀವೇ ಹಾಡಿರೇ" ಎಂದಳು. ನಮಗೆ ಮಾತಿಗೆ ಮಾತು ಬರುತ್ತಿತ್ತು, ಧ್ವನಿ ಏಳಲಿಲ್ಲ. "ನಮ್ಮ ಗಂಟಲಿನ ಕಥೆ ನಿನಗೆ ಗೊತ್ತಿಲ್ಲವೇ?" ಎಂದು ನಕ್ಕು, ಮೊಬೈಲಿನಲ್ಲಿ ಕೆರೋಲ್ ಕಿಂಗ್ ಅವರ ಹಾಡನ್ನೇ ಹಾಕಿ ಕೇಳಿಸಿದೆವು. ಅವಳು ಕಣ್ಣು ಮುಚ್ಚಿ ಕೇಳಿದಳು. ಮತ್ತೆ ನಮ್ಮನ್ನು ಕೇಳಲಿಲ್ಲ. ಎರಡು ವಾರಗಳಲ್ಲಿ ತೀರಿಕೊಂಡಳು. ಅವಳು ಬಯಸಿದುದು ಒಳ್ಳೆಯ ಹಾಡನ್ನಲ್ಲ, ನಮ್ಮ ಹಾಡನ್ನು ಎಂಬುದು ಆ ಮೇಲೆ ನಮಗೆ ಹೊಳೆಯಿತು. ಇಷ್ಟು ವರ್ಷ ಆ ಕ್ಯಾಸೆಟ್ಟನ್ನು ಕೇಳಿಯೂ ಅದು ಹೇಳಿದ ಒಂದೇ ಮಾತನ್ನು ನಾವು ಕೇಳಿರಲಿಲ್ಲ.

ಆದುದರಿಂದ ಪೋಷಕರಲ್ಲಿ ನಮ್ಮದೊಂದು ಬಿನ್ನಹ. ಕೋಗಿಲೆಯ ಕಂಠದವರಿಗೆ ಬಹುಮಾನವಿರಲಿ, ಮುಂದಿನ ಸಾಲೂ ಇರಲಿ. ಆದರೆ ನಿಮ್ಮ ಮಗಳು ಮನೆಯಲ್ಲಿ ಪಾತ್ರೆ ತೊಳೆಯುತ್ತ ಶ್ರುತಿ ತಪ್ಪಿ ಗುನುಗಿದರೆ ತಡೆಯಬೇಡಿರಿ. ಚಿಕ್ಕಂದಿನಲ್ಲಿ ಒಮ್ಮೆ ಅಡಗಿದ ಧ್ವನಿಯು ಬೇಕಾದ ದಿನ ಕರೆದರೆ ಬಾರದು.

ಬರುವ ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ ಶಾಲೆಯ ಗೀತೆಯನ್ನು ನಾವು ಮೂವರೂ ಧ್ವನಿಯೆತ್ತಿಯೇ ಹಾಡುವೆವು. ಪಕ್ಕದಲ್ಲಿ ನಿಂತವರು ಕ್ಷಮಿಸಬೇಕು.